ಹೃದ್ರೋಗಿಯ ಬಾಯಿಯನ್ನೂ ನೋಡಬೇಕು

ಮಿಸ್ವಾಕನ್ನು ನಾವು ಸುನ್ನತ್ತೆಂದು ಗೌರವಿಸುತ್ತೇವೆ. ಆದರೆ ಮನೆಯ ಹಿರಿಯರ ಒಸಡಿನಲ್ಲಿ ರಕ್ತ ಒಸರಿದರೆ ಅದು ವಯಸ್ಸಿನ ಲಕ್ಷಣವೆಂದು ಸುಮ್ಮನಾಗುತ್ತೇವೆ. ಹೃದ್ರೋಗಿಗಳ ವಿಷಯದಲ್ಲಿ ಈ ಅಲಕ್ಷ್ಯ ಸಲ್ಲದು. ಬಾಯಿಯ ರೋಗಾಣುಗಳು ರಕ್ತಕ್ಕೆ ಸೇರಿ ಹೃದಯದ ಕೃತಕ ಕವಾಟದಲ್ಲಿ ನೆಲೆಯೂರಿದರೆ ಪ್ರಾಣಾಂತಿಕ ಸೋಂಕು ತಗಲಬಹುದು. ಒಸಡಿನ ರೋಗಕ್ಕೂ ಹೃದ್ರೋಗಕ್ಕೂ ನಂಟಿದೆ, ಆದರೆ ಒಂದು ಇನ್ನೊಂದಕ್ಕೆ ಕಾರಣವೆಂಬುದು ಸಾಬೀತಾಗಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2012ರಲ್ಲಿ ಹೇಳಿತು. ನಂಟು ಮಾತ್ರವೇ ಆದರೂ ಅದು ಎಚ್ಚರಿಕೆಗೆ ಸಾಕು.

ಕುಟುಂಬ ವೈದ್ಯರು ಬಿ.ಪಿ. ನೋಡುತ್ತಾರೆ, ಇಸಿಜಿ ಮಾಡಿಸುತ್ತಾರೆ. ಬಾಯಿ ತೆರೆಯಿರಿ ಎನ್ನುವವರು ವಿರಳ. ಬಿ.ಪಿ.ಗೆ ನೀಡುವ ಅಮ್ಲೋಡಿಪಿನ್ ಮಾತ್ರೆಯಿಂದ ಕೆಲವರ ಒಸಡು ಊದಿಕೊಳ್ಳುತ್ತದೆ. ಹಲ್ಲು ಕೀಳಿಸುವ ಮುನ್ನ ಆಸ್ಪಿರಿನ್ನನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಮಾರಕವಾದೀತು. ಕೃತಕ ಕವಾಟವುಳ್ಳವರು ಹಲ್ಲು ಕೀಳಿಸುವ ಮೊದಲು ಆಂಟಿಬಯೋಟಿಕ್ ಸೇವಿಸಬೇಕಾಗುತ್ತದೆ. ಇವನ್ನೆಲ್ಲ ರೋಗಿಗೆ ಮುಂಚಿತವಾಗಿ ತಿಳಿಸಿ, ದಂತವೈದ್ಯರ ಬಳಿಗೆ ಕಳುಹಿಸಬೇಕಾದವರು ಕುಟುಂಬ ವೈದ್ಯರೇ.

ಕೇಳುವ ಹೊಣೆ ನಮ್ಮದೂ ಹೌದು. ದೇಹವು ಅಲ್ಲಾಹನ ಅಮಾನತ್ತು. ಜಮಾಅತ್‌ಗಳು ಏರ್ಪಡಿಸುವ ಹೃದಯ ತಪಾಸಣಾ ಶಿಬಿರಗಳಲ್ಲಿ ದಂತವೈದ್ಯರೂ ಇರಲಿ. ಮುಂದಿನ ಭೇಟಿಯಲ್ಲಿ ವೈದ್ಯರು ಕೇಳದಿದ್ದರೆ ನಾವೇ ಬಾಯಿ ತೆರೆದು ತೋರಿಸೋಣ.