ಶೇಗಡಿ ಅಂದ್ರೆ ಬೆಳ್ಳಿ ಲೋಟ ಅಲ್ಲ ಸ್ವಾಮಿ!

ಸೇಡಂ, ಚಿತ್ತಾಪುರದಿಂದ ಚಿಂಚೋಳಿವರೆಗೂ ನಮ್ಮ ಕಡೆ ಅಟ್ಟ ಹುಡುಕಿದರೆ ಹಳೆಯ ಕಬ್ಬಿಣದ ಇದ್ದಿಲ ಶೇಗಡಿ ಸಿಕ್ಕೀತು. ತೆನೆ ಸುಡೋಕೆ ಇಳಿಸಿ, ಸಂತೋಷ. ಆದರೆ ಅದನ್ನು ಫಳಫಳ ಹೊಳೆಸೋ ಹುಚ್ಚು ಯಾಕೆ ಅಂತ ನನ್ನ ತಕರಾರು.

ಬಚ್ಚಲು ತೊಳೆಯೋ ಆಸಿಡ್ ಸುರೀತಾರೆ. ಅದು ತುಕ್ಕಿನ ಜೊತೆ ಕಬ್ಬಿಣವನ್ನೂ ತಿನ್ನುತ್ತೆ. ಸಂದಿಯಲ್ಲಿ ಉಳಿದದ್ದು ಮತ್ತೆ ಬೇಗ ತುಕ್ಕು ಹಿಡಿಸುತ್ತೆ. ಕೆಳಗಿನ ಶಹಾಬಾದ ಪರಸಿಯನ್ನೂ ಬಿಡಲ್ಲ... ವಾಡಿಯಲ್ಲಿ ಸಿಮೆಂಟ್ ಆಗೋದು ಸುಣ್ಣದಕಲ್ಲು, ಪರಸಿಯೂ ಅದೇ ಜಾತಿ!

ಮೇಲೆ ಬೆಳ್ಳಿ ಬಣ್ಣ ಬಳಿದರೆ ಅದು ಸುಟ್ಟ ಹೊಗೆ ನಮ್ಮ ತೆನೆಗೇ. ಹಳೇ ಜಾಳಿ ಕಿತ್ತೆಸೆದು ಹೊಳೆಯೋ ಸತುವಿನ ಲೇಪದ ಜಾಲರಿ ಹಾಕೋದಂತೂ ಅಪಾಯ. ಸತು ಸುಮಾರು 420 ಡಿಗ್ರಿಗೆ ಕರಗುತ್ತೆ, ಕೆಂಪು ಕೆಂಡ 600 ದಾಟಿರುತ್ತೆ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತೆ.

ಕೆಂಪು ತುಕ್ಕು ಕೊಳೆ, ಒಪ್ಪಿದೆ. ಗಟ್ಟಿಯಾಗಿ ಕೂತ ಕಪ್ಪು ಕೊಳೆಯಲ್ಲ, ಅದು ಕಬ್ಬಿಣದ ಕವಚ! ತುಕ್ಕಿದ್ದಲ್ಲಿ ಮಾತ್ರ ಸ್ಯಾಂಡ್ ಪೇಪರ್ ಉಜ್ಜಿ, ಹುಣಸೆಹಣ್ಣು ಹಚ್ಚಿ ತೊಳೆದು, ತಕ್ಷಣ ಒರೆಸಿ. ಜಾಳಿಗೆ ನಮ್ಮದೇ ಅಗಸೆ ಎಣ್ಣೆ ತೆಳ್ಳಗೆ ಸವರಿ ಕಾಯಿಸಿ. ಎಣ್ಣೆ ಗಟ್ಟಿಯಾಗಿ ಕಪ್ಪಗೆ ಹಿಡಿಯುತ್ತೆ, ಅಷ್ಟೇ ಪಾಲಿಶ್.

ಕಪ್ಪಗಿದ್ದದ್ದೆಲ್ಲ ಹೊಲಸು ಅಂತ ನಮಗೆ ಹೇಳಿಕೊಟ್ಟವರು ಯಾರು?