ರಜೆಯ ಪ್ರವಾಸಕ್ಕೆ ಬಾಡಿಗೆ ಮೋಟಾರು

ಬೇಸಿಗೆಯ ರಜೆ ಬಂದಿತೆಂದರೆ ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಮನೆಮನೆಗೂ ಪರ ಊರಿನ ನೆಂಟರು ಇಳಿಯುತ್ತಾರೆ. ಬೆಂಗಳೂರಿನ ಮಕ್ಕಳು ಬಿಡದಿಯ ವಂಡರ್‌ಲಾವನ್ನು ನೋಡಿದವರು. ಯಂತ್ರದ ತೊಟ್ಟಿಲು, ನೀರಿನ ಜಾರುಬಂಡೆ ಇಲ್ಲದ ರಜೆ ರಜೆಯೇ ಅಲ್ಲವೆಂಬುದು ಅವರ ಎಣಿಕೆ. ನಮ್ಮಲ್ಲಿ ಅಂಥದೇನೂ ಇಲ್ಲ. ಮುರುಘಾಮಠದಲ್ಲಿ ಮುರುಘಾವನವೆಂಬ ಮೂರ್ತಿಗಳ ಉದ್ಯಾನವಿದೆ, ಆಡುಮಲ್ಲೇಶ್ವರದಲ್ಲಿ ಚಿಕ್ಕ ಮೃಗಾಲಯವಿದೆ; ಉಳಿದುದೆಲ್ಲ ಕಲ್ಲು, ಕಾಡು ಮತ್ತು ನೀರು. ಇವನ್ನು ಎರಡು ದಿನಗಳಲ್ಲಿ ತೋರಿಸಬೇಕಾದ ಗೃಹಸ್ಥನು ಮೋಟಾರನ್ನು ಬಾಡಿಗೆಗೆ ಗೊತ್ತುಮಾಡುವನು. ಆ ವ್ಯವಹಾರದಲ್ಲಿ ಎಲ್ಲಿ ಹಣ ಸೋರುವುದು, ಎಲ್ಲಿ ಹಣಕ್ಕಿಂತ ಹೆಚ್ಚಿನದು ಅಪಾಯಕ್ಕೆ ಸಿಲುಕುವುದು ಎಂಬುದನ್ನು ಈ ತಿಂಗಳು ಬರೆಯುತ್ತೇವೆ.

ಬಾಡಿಗೆಯೆಂಬುದು ಸಂಸ್ಕೃತದ ಭಾಟಕ ಶಬ್ದದ ತದ್ಭವ. ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರೂ ಬಾಡಿಗೆಯ ಬಂಡಿಯ ವಿಚಾರವನ್ನು ಬಿಟ್ಟವರಲ್ಲ. ಒಪ್ಪಿದ ದೇಶವನ್ನೂ ಕಾಲವನ್ನೂ ಮೀರಬಾರದೆಂದು ಅವರ ಮತ. ಇಂದಿನ ಮೋಟಾರಿನ ಕರಾರು ಸಹ ಇವೆರಡರ ಮೇಲೆಯೇ ನಿಂತಿದೆ. ದೇಶವೆಂದರೆ ಕಿಲೋಮೀಟರು, ಕಾಲವೆಂದರೆ ಗಂಟೆ.

ಮೊದಲ ದಿನ ಕೋಟೆಗೆ ಮೀಸಲು. ಆ ದಿನ ಕಾರು ಬೇಡವೇ ಬೇಡ. ಏಳು ಸುತ್ತಿನ ಆ ಕಲ್ಲಿನ ಕೋಟೆಯನ್ನು ಕಾಲಿನಿಂದಲೇ ಹತ್ತತಕ್ಕದ್ದು. ಏಕನಾಥೇಶ್ವರಿಯ ಗುಡಿ, ಹಿಡಿಂಬೇಶ್ವರ, ತುಪ್ಪದ ಕೊಳ, ಓಬವ್ವನ ಕಿಂಡಿ ಇಷ್ಟನ್ನು ನೋಡಿ ಇಳಿಯುವಷ್ಟರಲ್ಲಿ ಅರ್ಧ ದಿನ ಕಳೆದಿರುವುದು. 1779ರಲ್ಲಿ ಹೈದರಾಲಿಯು ಈ ದುರ್ಗವನ್ನು ಮದಕರಿ ನಾಯಕನಿಂದ ಕಿತ್ತುಕೊಂಡುದನ್ನು ಮಕ್ಕಳಿಗೆ ಅಲ್ಲಿಯೇ ಹೇಳಬೇಕು. ಅಷ್ಟು ಹೊತ್ತೂ ಬಾಡಿಗೆಯ ಕಾರು ಹೆಬ್ಬಾಗಿಲ ಬಳಿ ಬಿಸಿಲು ಕಾಯುತ್ತ ನಿಮ್ಮ ಹಣವನ್ನು ತಿನ್ನುತ್ತಿರುತ್ತದೆ. ಸಾಯಂಕಾಲ ಚಂದ್ರವಳ್ಳಿಗೆ ಆಟೋ ಸಾಕು. ಮಯೂರಶರ್ಮನ ಶಾಸನವಿರುವ ಆ ಕೆರೆಯ ದಡದಲ್ಲಿ 1947ರಲ್ಲಿ ವೀಲರ್ ಎಂಬ ಪುರಾತತ್ತ್ವಜ್ಞರು ಉತ್ಖನನ ನಡೆಸಿದರು.

ಕಾರು ಬೇಕಾದುದು ಎರಡನೆಯ ದಿನಕ್ಕೆ. ಬೆಳಗ್ಗೆ ಹೊಳಲ್ಕೆರೆಯ ಬಯಲು ಗಣಪತಿ, ಮಧ್ಯಾಹ್ನ ಹೊಸದುರ್ಗ, ಸಾಯಂಕಾಲ ವಾಣಿವಿಲಾಸಸಾಗರ, ಹಿರಿಯೂರಿನ ತೇರುಮಲ್ಲೇಶ್ವರನ ದರ್ಶನ, ಅಲ್ಲಿಂದ ಹೆದ್ದಾರಿ ಹಿಡಿದು ದುರ್ಗ. ಈ ಸುತ್ತು 150ರಿಂದ 200 ಕಿಲೋಮೀಟರುಗಳೊಳಗೆ ಮುಗಿಯುವುದು. ಆದರೆ ಪರಸ್ಥಳದ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರಿನ ಹಣ ಕೊಡಬೇಕೆಂಬುದು ವಾಡಿಕೆ. ಕಿಲೋಮೀಟರಿಗೆ 14 ರೂಪಾಯಿ ಎಂದಿಟ್ಟುಕೊಂಡರೆ 300ಕ್ಕೆ 4,200 ರೂಪಾಯಿ ಆಯಿತು. ನೀವು 170 ಓಡಿದರೂ ಅಷ್ಟೇ. ಕೋಟೆಯ ದಿನವೂ ಅದೇ ಕಾರನ್ನು ಇಟ್ಟುಕೊಂಡವರು 8,400 ತೆರುವರು. ಆದುದರಿಂದ ಕನಿಷ್ಠ ಕಿಲೋಮೀಟರು ಎಷ್ಟು, 8 ಗಂಟೆ 80 ಕಿಲೋಮೀಟರಿನ ಲೆಕ್ಕದಲ್ಲಿ ಹೆಚ್ಚಿನ ದೂರಕ್ಕೆ ಬೇರೆಯಾಗಿ ಕೊಟ್ಟರೆ ಎಷ್ಟಾಗುವುದು ಎಂದು ಎರಡನ್ನೂ ಕೇಳಿ ಹೋಲಿಸಬೇಕು. ಮೀಟರಿನ ಅಂಕಿಯು ಮಾಲೀಕನ ಶೆಡ್ಡಿನಿಂದ ಆರಂಭವೋ ನಿಮ್ಮ ಬಾಗಿಲಿನಿಂದಲೋ? ಗುಯಿಲಾಳಿನ ಟೋಲು ಯಾರ ಪಾಲು? ಮಧ್ಯರಾತ್ರಿ ಕಳೆದರೆ ಮತ್ತೊಂದು ದಿನದ ಲೆಕ್ಕ ಹಿಡಿಯುವರೋ? ಇವಕ್ಕೆ ಉತ್ತರವನ್ನು ಮೊಬೈಲಿನಲ್ಲಿ ಬರೆಸಿಕೊಂಡರೆ ಜಗಳಕ್ಕೆಡೆಯಿಲ್ಲ.

ವಾಣಿವಿಲಾಸಸಾಗರಕ್ಕೆ ನಾಲ್ಕು ಗಂಟೆಗಿಂತ ತಡವಾಗಿ ಹೋಗಬಾರದು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ಈ ಅಣೆಗೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿದೆ. 130 ಅಡಿ ತುಂಬಿ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ನಡುವೆ 89 ವರ್ಷ! ಅಜ್ಜನು ಕಂಡುದನ್ನು ಮೊಮ್ಮಗನೂ ಕಾಣದೆ ಮರಿಮಗನು ಕಂಡ ಹಾಗಾಯಿತು. 2025ರ ಜನವರಿಯಲ್ಲಿಯೂ ಹರಿಯಿತು. ಯಾವ ಯಂತ್ರದ ತೊಟ್ಟಿಲೂ ಮಕ್ಕಳಿಗೆ ಈ ವಿಸ್ಮಯವನ್ನು ಕೊಡಲಾರದೆಂದು ನಮ್ಮ ಅಭಿಪ್ರಾಯ. ಮಕ್ಕಳು ಒಪ್ಪುವರೆಂದು ಹೇಳಲಾರೆವು.

ಇನ್ನು ಮುಖ್ಯ ವಿಷಯ. ಬಾಡಿಗೆಗೆ ಓಡುವ ಕಾರಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ. ಸ್ವಂತದ್ದಕ್ಕೆ ಬಿಳಿಯ ಮೇಲೆ ಕಪ್ಪು. ತಾವೇ ನಡೆಸಲು ಕೊಡುವ ಕಾರಿಗೆ, 1989ರ ಯೋಜನೆಯಂತೆ, ಕಪ್ಪಿನ ಮೇಲೆ ಹಳದಿ. ಅದಕ್ಕೆ ಪರವಾನಗಿ ಬೇಕಾದರೆ ಕನಿಷ್ಠ 50 ವಾಹನಗಳಿರಬೇಕಾದುದರಿಂದ ಅದು ದೊಡ್ಡ ನಗರದವರ ಮಾತು. ವಿದ್ಯುತ್ತಿನ ಕಾರುಗಳ ಫಲಕ ಹಸುರು. ಬಾಡಿಗೆಯದಾದರೆ ಅಕ್ಷರ ಹಳದಿ, ಸ್ವಂತದ್ದಾದರೆ ಬಿಳಿ. ವೈಟ್ ಬೋರ್ಡ್ ಕಾರು ಅಗ್ಗವೆಂದು ಅನೇಕರು ಅದನ್ನೇ ಹಿಡಿಯುತ್ತಾರೆ. ಬಾಡಿಗೆಗೆ ಓಡಿಸಲು 1988ರ ಕಾಯಿದೆಯಂತೆ ರಹದಾರಿ ಬೇಕು. ಸ್ವಂತ ಕಾರಿನ ವಿಮಾಪತ್ರದಲ್ಲಿ ಬಾಡಿಗೆಯ ಉಪಯೋಗವನ್ನು ಸ್ಪಷ್ಟವಾಗಿ ಹೊರಗಿಟ್ಟಿರುತ್ತಾರೆ.

ನಮ್ಮ ಬಂಧುಗಳೊಬ್ಬರು ಹೀಗೆಯೇ ಪರಿಚಿತನೊಬ್ಬನ ಬಿಳಿ ಫಲಕದ ಕಾರಿನಲ್ಲಿ ಹೊರಟರು. ಹಿರಿಯೂರಿನ ಈಚೆಗೆ ಕಾರು ರಸ್ತೆಯ ನಡುಗಟ್ಟೆಗೆ ತಗುಲಿ ಮನೆಯಾಕೆಯ ಮುಂಗೈ ಮುರಿಯಿತು. ಮಾಲೀಕನು ಆಸ್ಪತ್ರೆಗೆ ಓಡಿಬಂದು, “ಅಕ್ಕಾ, ಯಾರು ಕೇಳಿದರೂ ನಾವು ನೆಂಟರೆಂದೇ ಹೇಳಿಬಿಡಿ” ಎಂದು ಅಂಗಲಾಚಿದನಂತೆ. ಹೇಳಿದರೆ ಅಸತ್ಯ, ಹೇಳದಿದ್ದರೆ ವಿಮೆಯವರ ಆಕ್ಷೇಪಣೆ, ಆತನಿಗೆ ದಂಡ. ಯಜಮಾನರು ಹೇಳಿಬಿಡೋಣವೆಂದರು. ಆಕೆ ಒಪ್ಪಲಿಲ್ಲ, “ಹಣ ಕೊಟ್ಟು ಹತ್ತಿದ ಗಾಡಿ, ನೆಂಟಸ್ತಿಕೆ ಎಲ್ಲಿಂದ ಬಂತು?” ಎಂದರು. ಪರಿಹಾರದ ಗೊಡವೆಗೆ ಹೋಗದೆ ಚಿಕಿತ್ಸೆಯ ಖರ್ಚನ್ನು ತಾವೇ ಹೊತ್ತರು. ಉಳಿಸಿದ್ದು ಸಾವಿರ ರೂಪಾಯಿಗಳೊಳಗೆ. ಆ ಪರಿಚಿತನು ಈಗ ಎದುರಿಗೆ ಬಂದರೆ ಮುಖ ತಿರುಗಿಸುವನು.

ಖರ್ಚೇ ಭಾರವೆನಿಸಿದವರಿಗೆ ಬಸ್ಸು ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಗೆ ಹಣವಿಲ್ಲ. ನಾಲ್ಕೂ ಊರುಗಳನ್ನು ಒಂದೇ ದಿನದಲ್ಲಿ ಮುಗಿಸುವ ಆಸೆಯನ್ನು ಮಾತ್ರ ಬಿಡಬೇಕು.

ಹಳದಿ ಫಲಕದ ಕಾರನ್ನು ಗೊತ್ತುಮಾಡಿದವರು ಹೊರಡುವಾಗ ಮತ್ತು ಇಳಿಯುವಾಗ ಮೀಟರಿನ ಚಿತ್ರವನ್ನು ತೆಗೆದುಕೊಳ್ಳಲಿ. ಚಾಲಕನ ಬಾಟಾ ಕರಾರಿನಲ್ಲಿ ಸೇರಿದೆಯೋ ಬೇರೆಯೋ ಎಂಬುದನ್ನು ಆತನ ಎದುರಿಗೇ ಮಾಲೀಕನಿಂದ ಹೇಳಿಸಲಿ. ಹೊಸದುರ್ಗದಲ್ಲಿ ನೆಂಟರ ಮನೆಯ ಊಟವಾದರೆ, ಒಂದು ಎಲೆ ಹೆಚ್ಚಿಗೆ ಹಾಕುವಂತೆ ಹಿಂದಿನ ದಿನವೇ ತಿಳಿಸಿರಲಿ.