ನಮ್ಮ ರೂಟರಿಗೂ ಒಬ್ಬ ನೀರುಗಂಟಿ ಬೇಕು

ಕಳೆದ ಸೆಮಿಸ್ಟರ್‌ನಲ್ಲಿ ನನ್ನ ರೂಮ್‌ಮೇಟ್ ಇಂಟರ್ನ್‌ಶಿಪ್‌ಗೆ ಒಂದು ಆನ್‌ಲೈನ್ ಟೆಸ್ಟ್ ಬರೀತಿದ್ದ. ರಾತ್ರಿ ಒಂಬತ್ತು ಗಂಟೆ, ಕ್ಯಾಮೆರಾ ಆನ್ ಇರಲೇಬೇಕಾದ ಟೆಸ್ಟ್. ಅರ್ಧದಲ್ಲಿ ವಿಡಿಯೊ ನಿಂತುಹೋಯ್ತು, ಟೆಸ್ಟ್ ಕ್ಲೋಸ್ ಆಯ್ತು. ಅದೇ ಹೊತ್ತಿಗೆ ನಮ್ಮ ಫ್ಲೋರ್‌ನಲ್ಲಿ ಒಬ್ಬ ಗೇಮ್ ಅಪ್‌ಡೇಟ್ ಹಾಕಿದ್ದ, ಇನ್ನೊಬ್ಬ ಫೆಸ್ಟ್ ವಿಡಿಯೊಗಳನ್ನು ಡ್ರೈವ್‌ಗೆ ಅಪ್‌ಲೋಡ್ ಮಾಡ್ತಿದ್ದ. ಆ ಇನ್ನೊಬ್ಬ ನಾನೇ.

ಆಮೇಲೆ ಹಾಸ್ಟೆಲ್ ಮೀಟಿಂಗ್‌ನಲ್ಲಿ ಮೂರು ಸಲಹೆ ಬಂದವು. ದೊಡ್ಡ ಪ್ಲ್ಯಾನ್ ತಗೊಳ್ಳಿ. ಯೂಟ್ಯೂಬ್ ಬ್ಲಾಕ್ ಮಾಡಿ. ಒಬ್ಬೊಬ್ಬರಿಗೆ 2 ಎಂಬಿಪಿಎಸ್ ಲಿಮಿಟ್ ಹಾಕಿ. ಮೂರೂ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ನನಗೆ ಅರ್ಥ ಆಗಿದ್ದು ಲ್ಯಾಬ್‌ನಲ್ಲಲ್ಲ, ತುರುವೇಕೆರೆ ಕಡೆಯ ನಮ್ಮ ತೋಟದಲ್ಲಿ.

ರಜೆಗೆ ಊರಿಗೆ ಹೋದಾಗ ಮನೆಯಲ್ಲೂ ಇದೇ ಗಲಾಟೆ. ವರ್ಕ್ ಫ್ರಮ್ ಹೋಮ್ ಮಾಡೋ ಅಕ್ಕನ ಮೀಟಿಂಗ್ ಪದೇ ಪದೇ ಕಟ್ ಆಗ್ತಿತ್ತು. ಬ್ಯಾಂಡ್‌ವಿಡ್ತ್ ಅಂದ್ರೇನು ಅಂತ ತಾತನಿಗೆ ಹೇಳೋಕೆ ನನಗೆ ಕನ್ನಡದಲ್ಲಿ ಪದ ಸಿಗಲಿಲ್ಲ. ಕೊನೆಗೆ "ಪೈಪ್ ಇದ್ದ ಹಾಗೆ ತಾತ, ಎಲ್ಲರೂ ಒಟ್ಟಿಗೆ ವಾಲ್ವ್ ತೆಗೆದಿದ್ದಾರೆ" ಅಂದೆ. ತಾತ ಕೇಳಿದ್ದು ಒಂದೇ: "ಹಂಗಾರೆ ನಿಮ್ಮಲ್ಲಿ ನೀರುಗಂಟಿ ಯಾರೂ ಇಲ್ವೇನೋ?"

ಕೆರೆಯ ತೂಬು ಎತ್ತಿ, ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡುವವನು ನೀರುಗಂಟಿ. ಸುಗ್ಗಿಯಲ್ಲಿ ಊರವರು ಅವನಿಗೆ ಕಾಳು ಅಳೆದು ಕೊಡ್ತಿದ್ರಂತೆ. ಕೆರೆಗೆ ನೀರು ತುಂಬಿಸೋದು ಅವನ ಕೆಲಸ ಅಲ್ಲ. ಇರೋ ನೀರನ್ನು ಕೊನೆಯ ಗದ್ದೆಗೂ ಮುಟ್ಟಿಸೋದು ಅವನ ಕೆಲಸ. ಹೇಮಾವತಿ ನಾಲೆಯ ಕೊನೆಯಲ್ಲಿರೋ ಊರಿನವರನ್ನು ಕೇಳಿ, ಡ್ಯಾಮ್‌ನಲ್ಲಿ ನೀರು ಇರೋದಕ್ಕೂ ತೋಟಕ್ಕೆ ನೀರು ಬರೋದಕ್ಕೂ ಎಷ್ಟು ವ್ಯತ್ಯಾಸ ಅಂತ ಹೇಳ್ತಾರೆ.

ಈಗ ನಮ್ಮ ರೂಟರ್‌ಗೆ ಬರೋಣ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಅಂದುಕೊಳ್ಳಿ. ಮೋಡೆಮ್ ಒಳಗೆ 1 ಎಂಬಿ ಬಫರ್ ಇದೆ. 1 ಎಂಬಿ ಅಂದ್ರೆ 8 ಮೆಗಾಬಿಟ್. ನನ್ನ ವಿಡಿಯೊ ಆ ಬಫರ್ ತುಂಬಿಸಿಬಿಟ್ಟರೆ, ಹಿಂದೆ ಬರೋ ಪ್ರತಿ ಪ್ಯಾಕೆಟ್ಟೂ 400 ಮಿಲಿಸೆಕೆಂಡ್ ಕಾಯಬೇಕು. ಟೆಸ್ಟ್ ಬರೆಯೋನ ಪ್ಯಾಕೆಟ್ ಚಿಕ್ಕದು, ಆದರೂ ನನ್ನ ಲಾರಿಗಳ ಹಿಂದೆಯೇ ನಿಲ್ಲಬೇಕು. ಜಿಮ್ ಗೆಟ್ಟಿಸ್ ಇದನ್ನು ಬಫರ್‌ಬ್ಲೋಟ್ ಅಂತ ಕರೆದರು. ಪ್ಲ್ಯಾನ್ ದೊಡ್ಡದು ಮಾಡಿದರೆ ಬಫರ್ ಬೇಗ ಖಾಲಿ ಆಗುತ್ತೆ ನಿಜ. ಆದರೆ ದೊಡ್ಡ ಅಪ್‌ಲೋಡ್ ಅದನ್ನೂ ತುಂಬಿಸುತ್ತೆ.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಕೋಡೆಲ್ ಅನ್ನೋ ವಿಧಾನ ಕೊಟ್ಟರು. ಅದು ಕ್ಯೂ ಎಷ್ಟು ಉದ್ದ ಅಂತ ನೋಡಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯ್ತು ಅಂತ ನೋಡುತ್ತೆ. ಕಾಯೋದು 100 ಮಿಲಿಸೆಕೆಂಡ್ ಪೂರ್ತಿ 5 ಮಿಲಿಸೆಕೆಂಡ್‌ಗಿಂತ ಮೇಲೆಯೇ ಉಳಿದರೆ ಒಂದು ಪ್ಯಾಕೆಟ್ ಬಿಸಾಕುತ್ತೆ. ಕಳಿಸುವವನಿಗೆ ಅದೇ ಸೂಚನೆ, ನಿಧಾನ ಮಾಡ್ತಾನೆ. ಅದೇ ವರ್ಷ ಎರಿಕ್ ಡ್ಯುಮಜೆ ಇದಕ್ಕೆ ಸರದಿ ಪದ್ಧತಿ ಸೇರಿಸಿದ ಎಫ್‌ಕ್ಯೂ-ಕೋಡೆಲ್ ಅನ್ನು ಲಿನಕ್ಸ್ ಕರ್ನಲ್‌ಗೆ ತಂದರು. 2018ರಲ್ಲಿ ಕರ್ನಲ್ 4.19ಕ್ಕೆ ಕೇಕ್ ಬಂತು. ಒಬ್ಬನೇ ಇಪ್ಪತ್ತು ಕನೆಕ್ಷನ್ ತೆಗೆದು ಇಪ್ಪತ್ತು ಪಾಲು ಹೊಡೆಯೋ ಆಟ ಕೇಕ್ ಮುಂದೆ ನಡೆಯಲ್ಲ. ಅದು ಮೊದಲು ಡಿವೈಸ್‌ಗಳ ನಡುವೆ ಹಂಚುತ್ತೆ, ಆಮೇಲೆ ಅದರೊಳಗಿನ ಕನೆಕ್ಷನ್‌ಗಳಿಗೆ. ನ್ಯಾಟ್ ಆಪ್ಷನ್ ಆನ್ ಮಾಡೋದು ಮಾತ್ರ ಮರೀಬಾರದು, ಇಲ್ಲಾಂದ್ರೆ ಹೊರಗೆ ಹೋಗೋ ಎಲ್ಲರೂ ಅದಕ್ಕೆ ಒಂದೇ ಡಿವೈಸ್ ಥರ ಕಾಣ್ತಾರೆ.

ಇನ್ನೊಂದು ಗುಟ್ಟಿದೆ. ಲೈನ್‌ನ ನಿಜವಾದ ವೇಗಕ್ಕಿಂತ ಸ್ವಲ್ಪ ಕಮ್ಮಿ, 20 ಇದ್ದರೆ 18 ಅಂತ ಸೆಟ್ ಮಾಡಬೇಕು. ಆಗ ಕ್ಯೂ ಮೋಡೆಮ್‌ನಲ್ಲಿ ಅಲ್ಲ, ನಮ್ಮ ರೂಟರ್‌ನಲ್ಲಿ ನಿಲ್ಲುತ್ತೆ. ತೂಬು ನಮ್ಮ ಕೈಯಲ್ಲಿ. ಮನೆಯ ಹಳೇ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿ ನಾನು ಮಾಡಿದ್ದು ಇಷ್ಟೇ. ಆಮೇಲೆ ಬೇಕಂತಲೇ ಅಪ್‌ಲೋಡ್ ಹಚ್ಚಿಟ್ಟೆ. ಅಕ್ಕನ ಮೀಟಿಂಗ್ ಕಟ್ ಆಗಲಿಲ್ಲ.

ಇದು ಮಾಯಾಮಂತ್ರ ಅಲ್ಲ. ವೈಫೈ ಸಿಗ್ನಲ್ಲೇ ಇಲ್ಲದ ಮೂಲೆ ರೂಮಿಗೆ ಇದರಿಂದ ಪ್ರಯೋಜನ ಇಲ್ಲ. ವೇಗ ನೂರಾರು ಎಂಬಿಪಿಎಸ್ ಇದ್ದರೆ ಅಗ್ಗದ ರೂಟರ್‌ನ ಪ್ರೊಸೆಸರ್‌ಗೆ ತಡೆಯಲ್ಲ, ಹಳೇ ಪಿಸಿ ಬೇಕಾಗುತ್ತೆ. ನಿಜವಾಗಿಯೂ ಲೈನ್ ಸಾಲದಿದ್ದರೆ ದೊಡ್ಡ ಪ್ಲ್ಯಾನ್ ತಗೊಳ್ಳಲೇಬೇಕು. ಆದರೆ ಹಂಚೋದು ಮೊದಲು, ಕೊಳ್ಳೋದು ಆಮೇಲೆ.

ಬ್ಲಾಕ್ ಮಾಡೋದಕ್ಕೆ ನನ್ನ ವಿರೋಧ ಇರೋದು ಯಾಕಂದ್ರೆ, ಎನ್‌ಪಿಟಿಇಎಲ್ ಪಾಠಗಳೂ ಯೂಟ್ಯೂಬ್‌ನಲ್ಲೇ ಇವೆ. ಯಾರು ಏನು ನೋಡಬೇಕು ಅಂತ ತೀರ್ಮಾನಿಸೋನು ನೀರುಗಂಟಿ ಅಲ್ಲ, ಅವನು ಜಮೀನ್ದಾರ. 2 ಎಂಬಿಪಿಎಸ್ ಲಿಮಿಟ್ ಇನ್ನೊಂದು ಥರದ ಪೆದ್ದತನ. ಬೆಳಗಿನ ಜಾವ ಎಲ್ಲರೂ ಮಲಗಿದ್ದಾಗಲೂ ಎಚ್ಚರ ಇರೋ ಒಬ್ಬನಿಗೆ 2 ಮಾತ್ರ, ಮಿಕ್ಕಿದ್ದು ವೇಸ್ಟ್. ಕೇಕ್‌ನಲ್ಲಿ ಬೇರೆಯವರು ಬಳಸದಿದ್ದರೆ ಅವನಿಗೇ ಪೂರ್ತಿ ಸಿಗುತ್ತೆ.

ಹಾಸ್ಟೆಲ್ ಕಮಿಟಿಗೆ ನನ್ನ ಕೋರಿಕೆ ಇಷ್ಟೇ. ಎರಡು ಲ್ಯಾನ್ ಪೋರ್ಟ್ ಇರೋ ಒಂದು ಹಳೇ ಪಿಸಿ, ಒಂದು ಭಾನುವಾರ ಕೊಡಿ. ನಾವು ಕೆಲವರು ಸೇರಿ ಸೆಟ್ ಮಾಡ್ತೀವಿ. ಏನು ಸೆಟ್ಟಿಂಗ್ ಹಾಕಿದ್ದೀವಿ ಅಂತ ನೋಟಿಸ್ ಬೋರ್ಡ್‌ನಲ್ಲಿ ಅಂಟಿಸ್ತೀವಿ, ಯಾರು ಬೇಕಾದರೂ ನೋಡಿ ಪ್ರಶ್ನೆ ಮಾಡಬಹುದು. ಒಂದು ವಾರ ನೋಡಿ, ಸರಿ ಹೋಗದಿದ್ದರೆ ಕಿತ್ತುಹಾಕಿ.

ಅವತ್ತು ನನ್ನ ವಿಡಿಯೊ ಅರ್ಧ ಗಂಟೆ ತಡವಾಗಿ ಹೋಗಿದ್ದರೆ ನನಗೇನೂ ನಷ್ಟ ಇರಲಿಲ್ಲ. ಅವನ ಟೆಸ್ಟ್ ಮಾತ್ರ ವಾಪಸ್ ಬರಲಿಲ್ಲ.